ತಾತ್ಕಾಲಿಕ ವಿಮಾನಾಂಗಣಗಳು ಮತ್ತು ಸಂಚಾರಿ ವೈಮಾನಿಕರು

ವಿಮಾನಗಳ ಏರಿಳಿತಕ್ಕೆಂದೇ ಶಾಶ್ವತವಾಗಿ ನಿರ್ಮಿತವಾಗದೆ, ಅನ್ಯ ಪ್ರಯೋಜನಕ್ಕೆ ಬಳಕೆಯಲ್ಲಿರುವ ಗೋಮಾಳ, ಕವಾಯತು ಮೈದಾನ, ಕುದುರೆಪಂದ್ಯದ ಬಯಲು, ಕುಯ್ಲು ಮುಗಿದ ಹೊಲ, ಒಣಗಿದ ಕೆರೆಯಂಗಳ ಮುಂತಾದ ಸಮತಲಭೂಮಿಯನ್ನು ಕೆಲವು ಗಂಟೆ, ಕೆಲವು ದಿನ ಅಥವಾ ಒಂದು ಋತುವಿನ ಮಟ್ಟಿಗೆ ಅಣಿಗೊಳಿಸಿ ಉಪಯೋಗಿಸುವ ಸ್ಥಳಕ್ಕೆ ತಾತ್ಕಾಲಿಕ ವಿಮಾನಾಂಗಣವೆಂದು ಹೆಸರು. ಇಂಥ ಸ್ಥಳಗಳನ್ನೇ ಆಶ್ರಯಿಸಿ, ನಿಯತವಾದ ನೆಲೆಯಿಲ್ಲದೆ ಊರಿಂದೂರಿಗೆ ಸಂಚರಿಸುತ್ತ, ಪ್ರದರ್ಶನ, ಪ್ರಯಾಣಿಕರ ವಿಹಾರಾರೋಹಣ, ಛಾಯಾಚಿತ್ರಗ್ರಹಣ ಮೊದಲಾದುವುಗಳಿಂದ ಜೀವನೋಪಾಯವನ್ನು ಕಂಡುಕೊಂಡವರು ಸಂಚಾರಿ ವೈಮಾನಿಕರು. 1909ರಿಂದ 1939ರವರೆಗಿನ ಮೂರು ದಶಕಗಳಲ್ಲಿ, ನಗರಗಳಾಚೆಯ ಪ್ರದೇಶಗಳಿಗೆ ವಿಮಾನಯಾನವು ತಲುಪಿದುದು ಬಹುಮಟ್ಟಿಗೆ ಈ ಎರಡರ ಮೂಲಕ. ಪ್ರಸ್ತುತ ಲೇಖನವು ಇವುಗಳ ಸಾಮಾನ್ಯ ಇತಿಹಾಸವನ್ನೂ, ಕರ್ನಾಟಕದಲ್ಲಿ, ವಿಶೇಷತಃ ಕೋಲಾರ ಮತ್ತು ಬಳ್ಳಾರಿಯ ಬಯಲುಗಳಲ್ಲಿ, ಇವು ತಳೆದ ರೂಪವನ್ನೂ ನಿರೂಪಿಸುತ್ತದೆ.

ಪರಿಭಾಷೆ

ಈ ಲೇಖನದಲ್ಲಿ ‘ಇಳಿದಾಣ’ ಎಂದರೆ ಕಟ್ಟಡ, ಕಾರ್ಯಾಗಾರ, ಸಿಬ್ಬಂದಿಗಳಿಲ್ಲದ, ಕೇವಲ ಇಳಿದು ಏರುವುದಕ್ಕೆ ಗೊತ್ತುಮಾಡಿದ ಬಯಲು. ‘ವಿಮಾನಾಂಗಣ’ ಎಂಬುದು ಇಳಿದಾಣವನ್ನೂ ಅದರ ಸುತ್ತಣ ಗುರುತು, ಇಂಧನ, ಕಾವಲುಗಳ ಏರ್ಪಾಡನ್ನೂ ಒಳಗೊಂಡ ವ್ಯಾಪಕ ಪದ. ‘ವಿಮಾನ ನಿಲ್ದಾಣ’ ಎಂಬುದನ್ನು ಶಾಶ್ವತ ನಿರ್ಮಾಣಕ್ಕೆ ಮಾತ್ರ ಬಳಸಲಾಗಿದೆ. ‘ಓಡುದಾರಿ’ ಎಂದರೆ ವಿಮಾನವು ಏರುವ ಮುನ್ನ ಹಾಗೂ ಇಳಿದ ಅನಂತರ ನೆಲದ ಮೇಲೆ ಓಡುವ, ನಿರ್ದಿಷ್ಟ ದಿಕ್ಕಿನ ಪಟ್ಟಿ. ಆರಂಭಕಾಲದ ಇಳಿದಾಣಗಳಲ್ಲಿ ಓಡುದಾರಿಯೆಂಬುದು ಇರಲಿಲ್ಲ, ಇಡೀ ಬಯಲೇ ಗಾಳಿ ಬೀಸಿದ ದಿಕ್ಕಿಗೆ ಅನುಗುಣವಾಗಿ ಬಳಕೆಗೆ ಬರುತ್ತಿತ್ತು. ಮೇಲೂ ಕೆಳಗೂ ಎರಡು ಜೊತೆ ರೆಕ್ಕೆಗಳುಳ್ಳದ್ದು ದ್ವಿಪಕ್ಷ ವಿಮಾನ. ಒಂದೇ ಜೊತೆಯುಳ್ಳದ್ದು ಏಕಪಕ್ಷ ವಿಮಾನ.

ಹುಟ್ಟು

ವಿಮಾನವು ಹುಟ್ಟಿದಾಗ ವಿಮಾನ ನಿಲ್ದಾಣವಿರಲಿಲ್ಲವಾದ್ದರಿಂದ, ಪ್ರಥಮ ವಿಮಾನಾಂಗಣಗಳೆಲ್ಲವೂ ತಾತ್ಕಾಲಿಕವೇ ಆಗಿದ್ದುವು. 1903ರ ಡಿಸೆಂಬರ್ 17ರಂದು ಕಿಟಿಹಾಕಿನ ಮರಳುದಿಬ್ಬಗಳ ನಡುವೆ ಹಾರಿದ ರೈಟ್ ಸಹೋದರರು, ಮುಂದಿನ ಎರಡು ವರ್ಷಗಳ ಪ್ರಯೋಗಗಳನ್ನು ಡೇಟನ್ ನಗರದ ಸಮೀಪದ ಹಫ್‌ಮನ್ ಪ್ರೇರಿ ಎಂಬ, ದನ ಮೇಯುವ ಹುಲ್ಲುಗಾವಲಿನಲ್ಲಿ ನಡೆಸಿದರು. 1908ರಲ್ಲಿ ವಿಲ್ಬರ್ ರೈಟ್ ಫ್ರಾನ್ಸಿನಲ್ಲಿ ತನ್ನ ಯಂತ್ರವನ್ನು ಮೊದಲು ತೋರಿಸಿದ್ದು ಲ ಮಾನ್ ಬಳಿಯ ಕುದುರೆಪಂದ್ಯದ ಬಯಲಿನಲ್ಲಿ. 1909ರ ಜುಲೈ 25ರಂದು ಇಂಗ್ಲಿಷ್ ಕಾಲುವೆಯನ್ನು ದಾಟಿದ ಲೂಯಿ ಬ್ಲೇರಿಯೊ ಡೋವರಿನ ಹುಲ್ಲಿಳಿಜಾರಿನ ಮೇಲೆ ಇಳಿದನು. ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಫ್ರಾನ್ಸಿನ ರ್‍ಯಾನ್ಸ್ ನಗರದ ಹೊರವಲಯದಲ್ಲಿ ನಡೆದ ವೈಮಾನಿಕ ಮೇಳವು, ಟಿಕೆಟು ಕೊಂಡು ಹಾರಾಟವನ್ನು ನೋಡಲು ಜನ ಸಿದ್ಧರಿದ್ದಾರೆಂಬುದನ್ನು ಸ್ಥಾಪಿಸಿತು. ಸಂಚಾರಿ ವೈಮಾನಿಕವೃತ್ತಿಯ ಆರ್ಥಿಕ ಬುನಾದಿ ಇದೇ.

ಮೊದಲನೆಯ ಮಹಾಯುದ್ಧವು ಮುಗಿದ ಕೂಡಲೆ ಈ ವೃತ್ತಿಯು ವಿಸ್ತಾರಗೊಂಡಿತು. ಸೈನ್ಯದಿಂದ ಬಿಡುಗಡೆಯಾದ ವೈಮಾನಿಕರು ಬಹುಸಂಖ್ಯೆಯಲ್ಲಿದ್ದರು. ಸರ್ಕಾರಗಳು ಅನಾವಶ್ಯಕವೆಂದು ಮಾರಿದ ವಿಮಾನಗಳು ಅಗ್ಗದ ಬೆಲೆಗೆ ಸಿಕ್ಕುತ್ತಿದ್ದುವು. ಅಮೆರಿಕೆಯಲ್ಲಿ 90 ಅಶ್ವಶಕ್ತಿಯ ಕರ್ಟಿಸ್ ಜೆಎನ್-4, ಬ್ರಿಟನ್ನಿನಲ್ಲಿ ಆವ್ರೊ 504, ದೂರಸಂಚಾರಕ್ಕೆ ಡಿ ಹ್ಯಾವಿಲೆಂಡ್ ಡಿಎಚ್-9, ಇವು ಈ ವೃತ್ತಿಯ ಮುಖ್ಯ ಯಂತ್ರಗಳು. ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ದಾಟಿ ಪ್ರಸಿದ್ಧನಾದ ಚಾರ್ಲ್ಸ್ ಲಿಂಡ್‌ಬರ್ಗ್, ಆಸ್ಟ್ರೇಲಿಯದ ಚಾರ್ಲ್ಸ್ ಕಿಂಗ್ಸ್‌ಫರ್ಡ್ ಸ್ಮಿತ್, ಆಫ್ರಿಕನ್ ಮೂಲದ ಅಮೆರಿಕನ್ ಮಹಿಳೆಯರಲ್ಲಿ ಮೊತ್ತಮೊದಲು ವೈಮಾನಿಕ ಪರವಾನಗಿಯನ್ನು ಪಡೆದ ಬೆಸಿ ಕೋಲ್ಮನ್, ಈ ಮೂವರೂ ಒಂದಿಲ್ಲೊಂದು ಕಾಲದಲ್ಲಿ ಹಳ್ಳಿಯ ಬಯಲುಗಳಲ್ಲಿ ಹಾರಾಟ ನಡೆಸಿದವರು. ಬ್ರಿಟನ್ನಿನಲ್ಲಿ ಸರ್ ಅಲನ್ ಕಾಬಮ್ 1932ರಿಂದ 1935ರವರೆಗೆ ನಡೆಸಿದ ಸಂಚಾರಿ ಪ್ರದರ್ಶನವು ನೂರಾರು ಊರುಗಳನ್ನು ಮುಟ್ಟಿ, ಈ ಬಗೆಯ ಸಂಸ್ಥೆಗಳಲ್ಲೆಲ್ಲ ಅತ್ಯಂತ ದೊಡ್ಡದೆನಿಸಿತು.

ಭಾರತದಲ್ಲಿ

ಭಾರತದಲ್ಲಿ ಆಕಾಶಸಂಚಾರದ ಸಾರ್ವಜನಿಕ ಪ್ರದರ್ಶನವು ವಿಮಾನಕ್ಕಿಂತ ಮೊದಲೇ ವಾಯುಗೋಲಗಳಿಂದ ಆರಂಭವಾಯಿತು. 1889ರಲ್ಲಿ ಪರ್ಸಿವಲ್ ಸ್ಪೆನ್ಸರ್ ಎಂಬ ಆಂಗ್ಲನು ವಾಯುಗೋಲದೊಡನೆ ದೇಶದಲ್ಲಿ ಸಂಚರಿಸಿದನು. ಆತನೊಡನೆ ಏರಿದ ರಾಮಚಂದ್ರ ಚಟರ್ಜಿ ಅದೇ ವರ್ಷ ಕಲ್ಕತ್ತದಲ್ಲಿ ಸ್ವತಂತ್ರವಾಗಿಯೂ ಆರೋಹಣ ಮಾಡಿದನು. ಯಂತ್ರವಿಮಾನದ ಹಾರಾಟವು 1910ರಲ್ಲಿ ಮೊದಲಾಯಿತು. ಆ ವರ್ಷದ ಮಾರ್ಚಿಯಲ್ಲಿ ಮದರಾಸಿನ ಹೋಟೆಲ್ ಉದ್ಯಮಿ ಜಾಕೊಮೊ ದಾಂಜೆಲಿಸ್ ಸ್ಥಳೀಯವಾಗಿ ನಿರ್ಮಾಣವಾದ ವಿಮಾನವನ್ನು ಅಲ್ಲಿ ಹಾರಿಸಿದನು. ಡಿಸೆಂಬರ್ ತಿಂಗಳಲ್ಲಿ ಬೆಲ್ಜಿಯಂ ದೇಶದ ಬ್ಯಾರನ್ ಪಿಯೆರ್ ದ ಕಾತೆರ್ ಮತ್ತು ಜೂಲ್ ಟೈಕ್ ಕಲ್ಕತ್ತದಲ್ಲಿ ಪ್ರದರ್ಶನ ನೀಡಿದರು. ಅದೇ ಚಳಿಗಾಲದಲ್ಲಿ ಬ್ರಿಸ್ಟಲ್ ಕಂಪನಿಯ ನಿಯೋಗವೊಂದು ಆಂರಿ ಜುಲ್ರೊ ಎಂಬ ವೈಮಾನಿಕನೊಡನೆ ಬಂದು ಕಲ್ಕತ್ತದಲ್ಲಿಯೂ, ಔರಂಗಾಬಾದಿನ ಸೈನ್ಯ ಕವಾಯತಿನಲ್ಲಿಯೂ ತನ್ನ ಯಂತ್ರಗಳನ್ನು ತೋರಿಸಿತು. 1911ರ ಆರಂಭದಲ್ಲಿ ಟೈಕ್ ಬೆಂಗಳೂರಿನಲ್ಲಿ ಹಾರಿದುದು ಮೈಸೂರು ಸಂಸ್ಥಾನದಲ್ಲಿ ನಡೆದ ಆದಿಮ ವಿಮಾನ ಪ್ರದರ್ಶನಗಳಲ್ಲೊಂದು.

1911ರ ಫೆಬ್ರುವರಿ 18ರಂದು ಅಲಹಾಬಾದಿನ ವಸ್ತುಪ್ರದರ್ಶನದ ಅಂಗವಾಗಿ ಆಂರಿ ಪೆಕೆ ಎಂಬ ಫ್ರೆಂಚ್ ವೈಮಾನಿಕನು ಸುಮಾರು 6,500 ಕಾಗದಗಳ ಚೀಲವನ್ನು ಹೊತ್ತು, ಯಮುನೆಯನ್ನು ದಾಟಿ, ಸುಮಾರು 10 ಕಿಲೋಮೀಟರು ದೂರದ ನೈನಿಯಲ್ಲಿ ಇಳಿದನು. ಅಧಿಕೃತ ವಿಮಾನ ಅಂಚೆಯ ಚರಿತ್ರೆಯಲ್ಲಿ ಪ್ರಪಂಚಕ್ಕೇ ಮೊದಲನೆಯದೆಂದು ಗಣಿತವಾದ ಈ ಯಾನದ ಎರಡು ಕೊನೆಗಳೂ ತಾತ್ಕಾಲಿಕ ಇಳಿದಾಣಗಳು. ಆ ಕಾಲದ ವಿಮಾನಗಳು ಊರಿಂದೂರಿಗೆ ಹಾರಿ ಬರಲು ಸಮರ್ಥವಾಗಿರಲಿಲ್ಲವಾದ್ದರಿಂದ, ಅವುಗಳನ್ನು ಬಿಡಿಭಾಗಗಳಾಗಿ ಪೆಟ್ಟಿಗೆಗಳಲ್ಲಿ ತುಂಬಿ ಹಡಗು, ರೈಲುಗಳ ಮೂಲಕ ತಂದು, ಬಯಲಿನಲ್ಲಿ ಜೋಡಿಸಿ, ಪ್ರದರ್ಶನವಾದ ಮೇಲೆ ಪುನಃ ಕಳಚುತ್ತಿದ್ದರು. ಆದಕಾರಣ ಮೊದಲ ತಲೆಮಾರಿನ ಸಂಚಾರಿ ವೈಮಾನಿಕರ ಮಾರ್ಗವು ರೈಲುಮಾರ್ಗವೇ ಆಗಿದ್ದಿತು.

ನೆಲ ಮತ್ತು ಹವೆ: ಕೋಲಾರದ ಬಯಲು

ತಾತ್ಕಾಲಿಕ ವಿಮಾನಾಂಗಣಕ್ಕೆ ನೆಲದ ಗುಣವೇ ಪ್ರಧಾನವಾದ್ದರಿಂದ, ಯಾವ ಪ್ರದೇಶದಲ್ಲಿ ಯಾವ ಋತುವಿನಲ್ಲಿ ಇಳಿಯಬಹುದೆಂಬುದನ್ನು ಭೂಲಕ್ಷಣವೂ ಬೇಸಾಯದ ಕ್ರಮವೂ ಕೂಡಿ ನಿರ್ಣಯಿಸುತ್ತವೆ. ಮುಳಬಾಗಿಲು ತಾಲ್ಲೂಕಿನ ಹೋಬಳಿ ಕೇಂದ್ರವಾದ ತಾಯಲೂರು ಮತ್ತು ಅದರ ಸುತ್ತಲಿನ ಸೀಮೆಯನ್ನು ಇದಕ್ಕೆ ನಿದರ್ಶನವಾಗಿ ಪರಿಶೀಲಿಸಬಹುದು. ಸಮುದ್ರಮಟ್ಟದಿಂದ ಸುಮಾರು 800 ಮೀಟರು ಎತ್ತರದಲ್ಲಿರುವ ಈ ಪೂರ್ವಮೈದಾನವು ಕೆಂಪುಮಣ್ಣಿನ ಹೊಲಗಳಿಂದಲೂ, ಅಲ್ಲಲ್ಲಿ ಒಮ್ಮೆಲೆ ಮೇಲೆದ್ದ ಕಣಶಿಲೆಯ ಬೆಟ್ಟಗಳಿಂದಲೂ, ಒಂದರ ಕೆಳಗೊಂದು ಸರಣಿಯಾಗಿ ಕಟ್ಟಿದ ಕೆರೆಗಳಿಂದಲೂ ಕೂಡಿದೆ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಪಾಲಾರ್ ಸಹ ಮಳೆಯನ್ನೇ ಅವಲಂಬಿಸಿದ್ದು.

ಇಲ್ಲಿ ಮಳೆಯು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಅಧಿಕ. ರಾಗಿಯ ಕುಯ್ಲು ನವೆಂಬರ್ ಡಿಸೆಂಬರುಗಳಲ್ಲಿ ನಡೆಯುವುದರಿಂದ, ಅಲ್ಲಿಂದ ಮುಂಗಾರಿನ ಉಳುಮೆಯವರೆಗೆ ಮಳೆಯಾಶ್ರಯದ ಹೊಲಗಳು ಬರಿದಾಗಿರುತ್ತವೆ, ನೆಲವೂ ಗಟ್ಟಿಯಾಗಿರುತ್ತದೆ. ದಕ್ಷಿಣ ಭಾರತದ ಒಳನಾಡಿನಲ್ಲಿ ಡಿಸೆಂಬರಿನಿಂದ ಮಾರ್ಚಿಯವರೆಗಿನ ಅವಧಿಯು ಹಾರಾಟಕ್ಕೆ ಪ್ರಶಸ್ತವೆನಿಸಿದುದು ಈ ಕಾರಣದಿಂದಲೇ. 1910-11, 1928-29, 1933-34ರ ಪ್ರಮುಖ ಸಂಚಾರಗಳು ನಡೆದುದೂ ಚಳಿಗಾಲದಲ್ಲಿಯೇ. ಪ್ರತಿಕೂಲ ಅಂಶಗಳೂ ಇಲ್ಲದಿಲ್ಲ. ಹೊಲಗಳ ಬದುಗಳು, ಹುತ್ತಗಳು, ನೆಲದಿಂದ ಗೇಣುದ್ದ ಮೇಲೆದ್ದ ಬಂಡೆಗಳು, ತೆರೆದ ಬಾವಿಗಳು, ಹುಣಿಸೆ ಹೊಂಗೆಗಳ ಸಾಲುಗಳು ಮೇಲಿನಿಂದ ಸುಲಭವಾಗಿ ಕಾಣಿಸುವುದಿಲ್ಲ. ಕೆರೆಯಂಗಳವು ಬೇಸಗೆಯಲ್ಲಿ ವಿಶಾಲವಾದ ನಿರ್ವೃಕ್ಷ ಸಮತಲವನ್ನು ಒದಗಿಸುವುದಾದರೂ, ಮೇಲ್ಪದರವು ಒಣಗಿ ಬಿರುಕುಬಿಟ್ಟಿದ್ದರೂ ಅಡಿಯ ಹೂಳು ತೇವವಾಗಿದ್ದಲ್ಲಿ ಚಕ್ರವು ಹೂತುಹೋಗುವ ಸಂಭವವುಂಟು.

ಎತ್ತರವೂ ಗಣನೆಗೆ ಬರುವ ವಿಷಯ. 800 ಮೀಟರಿನಲ್ಲಿ ವಾಯುವಿನ ಸಾಂದ್ರತೆಯು ಸಮುದ್ರತೀರದಲ್ಲಿರುವುದಕ್ಕಿಂತ ಶೇಕಡ 8ರಷ್ಟು ಕಡಮೆ. ಬಿಸಿಲೇರಿದಂತೆ ಅದು ಇನ್ನೂ ಕುಗ್ಗುತ್ತದೆ. ಇದರಿಂದ ರೆಕ್ಕೆಗೆ ದೊರೆಯುವ ಎತ್ತುವಿಕೆಯೂ ಯಂತ್ರದ ಶಕ್ತಿಯೂ ಏಕಕಾಲದಲ್ಲಿ ತಗ್ಗಿ, ಮದರಾಸಿನ ಕಡಲಕರೆಯಲ್ಲಿ ಸಾಕಾಗುವ ಓಟವು ಕೋಲಾರದ ಬಯಲಿನಲ್ಲಿ ಸಾಲದೆಹೋಗುತ್ತದೆ. ಅಲ್ಪಶಕ್ತಿಯ ವಿಮಾನಗಳನ್ನು ಇಂಥ ಪ್ರದೇಶಗಳಲ್ಲಿ ಬೆಳಗಿನ ತಂಪುಹೊತ್ತಿನಲ್ಲಿಯೋ ಸಂಜೆಯೋ ಹಾರಿಸುವುದು ವಾಡಿಕೆ. ದಾರಿಯನ್ನು ಗುರುತಿಸುವುದಕ್ಕೆ ಈ ಸೀಮೆಯಲ್ಲಿ ಸಹಜವಾದ ಚಿಹ್ನೆಗಳು ಹೇರಳ: ಬಂಗಾರಪೇಟೆಯ ಮೂಲಕ ಹಾದುಹೋಗುವ ಬೆಂಗಳೂರು-ಮದರಾಸು ರೈಲುದಾರಿ, ಆವನಿ ಮತ್ತು ಕುರುಡುಮಲೆಯ ಬೆಟ್ಟಗಳು, ಬೇತಮಂಗಲದ ಕೆರೆ, ಕೋಲಾರ ಚಿನ್ನದ ಗಣಿಯಲ್ಲಿ ಅದಿರನ್ನು ಸಂಸ್ಕರಿಸಿ ಉಳಿದ ಬೂದುಬಣ್ಣದ ‘ಸೈನೈಡ್ ದಿಬ್ಬ’ಗಳು.

ರಚನೆ

ತಾತ್ಕಾಲಿಕ ವಿಮಾನಾಂಗಣದ ಸಿದ್ಧತೆಯಲ್ಲಿ ಆಯ್ಕೆ, ಶೋಧನೆ, ಗುರುತು, ಸರಬರಾಯಿ, ಕಾವಲು ಎಂಬ ಐದು ಅಂಗಗಳುಂಟು.

ಆಯ್ಕೆ: ಬಯಲು ಎಲ್ಲ ದಿಕ್ಕಿಗೂ ತೆರೆದಿರಬೇಕು, ಅದು ಸಾಧ್ಯವಾಗದಿದ್ದಲ್ಲಿ, ವಾಡಿಕೆಯ ಗಾಳಿ ಬೀಸುವ ದಿಕ್ಕಿಗಾದರೂ ಉದ್ದವಾಗಿರಬೇಕು. ವಿಮಾನವು ಗಾಳಿಗೆ ಎದುರಾಗಿ ಏರಿ ಎದುರಾಗಿಯೇ ಇಳಿಯುವುದರಿಂದ, ಜೂನಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯದ ಗಾಳಿಯೂ ಚಳಿಗಾಲದಲ್ಲಿ ಈಶಾನ್ಯದ ಗಾಳಿಯೂ ಬೀಸುವ ನಮ್ಮ ಮೈದಾನದಲ್ಲಿ ಒಂದೇ ರೇಖೆಯು ಎರಡು ಋತುಗಳಿಗೂ ವಿರುದ್ಧ ದಿಕ್ಕುಗಳಿಂದ ಒದಗುತ್ತದೆ. ಇಳಿಯುವ ತುದಿಯಲ್ಲಿ ಮರ, ಮನೆ, ತಂತಿಕಂಬಗಳಿರಬಾರದು.

ಶೋಧನೆ: ನೆಲವನ್ನು ಕಾಲ್ನಡಿಗೆಯಲ್ಲಿ ಸಾಲುಸಾಲಾಗಿ ತುಳಿದು ಗುಂಡಿ ಬಿಲಗಳನ್ನು ಪತ್ತೆಮಾಡಿ ಮುಚ್ಚುವುದು, ಕಲ್ಲು ಆರಿಸುವುದು, ಬದುಗಳನ್ನು ಕಡಿದು ಮಟ್ಟಮಾಡುವುದು, ಹುಲ್ಲನ್ನು ಕತ್ತರಿಸುವುದು ಮೊದಲ ಹಂತ. ಬಳಿಕ ಮೋಟಾರುಕಾರನ್ನು ಬಯಲಿನ ಉದ್ದಕ್ಕೂ ವೇಗವಾಗಿ ಓಡಿಸಿ, ಅದರ ಕುಲುಕಾಟದಿಂದ ನೆಲದ ಸಮತೆಯನ್ನು ಅಳೆಯುವುದುಂಟು. ಅಂದಿನ ವಿಮಾನಗಳಿಗೆ ಚಕ್ರದ ಬಿರಿ ಇರಲಿಲ್ಲ. ಬಾಲದ ಕೆಳಗಿನ ದಿಂಡೊಂದು ನೆಲವನ್ನು ಉಳುತ್ತ ಸಾಗಿ ವೇಗವನ್ನು ತಗ್ಗಿಸುತ್ತಿದ್ದಿತು. ಹೀಗಾಗಿ ಹುಲ್ಲುನೆಲ ಅಥವಾ ಮಣ್ಣುನೆಲವು ಅವುಗಳಿಗೆ ಅನುಕೂಲ, ಕಲ್ಲುಹಾಸು ಅನಾನುಕೂಲ. ಮೆತ್ತನೆಯ ನೆಲದ ಮೇಲೆ ಚಾಪೆ ಹಾಸುವ ಕ್ರಮವೂ ಇತ್ತು: 1919ರಲ್ಲಿ ಇಂಗ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ಹಾರಿದ ರಾಸ್ ಮತ್ತು ಕೀತ್ ಸ್ಮಿತ್ ಸಹೋದರರ ವಿಮಾನವು ಜಾವಾದ್ವೀಪದ ಸುರಬಯದಲ್ಲಿ ಕೆಸರಿನಲ್ಲಿ ಸಿಕ್ಕಿದಾಗ, ಬಿದಿರು ಚಾಪೆಗಳನ್ನು ಹಾಸಿ ಓಡುದಾರಿಯನ್ನು ಕಲ್ಪಿಸಲಾಯಿತು.

ಗುರುತು: ಇಳಿದಾಣದ ಎಲ್ಲೆಯನ್ನು ಸುಣ್ಣ ಬಳಿದ ಕಲ್ಲುಗಳಿಂದಲೂ, ಕೇಂದ್ರವನ್ನು ನೆಲದ ಮೇಲೆ ಬರೆದ ದೊಡ್ಡ ಬಿಳಿಯ ವೃತ್ತದಿಂದಲೂ ಸೂಚಿಸುವುದು ವಾಡಿಕೆ. ಗಾಳಿಯ ದಿಕ್ಕಿಗೆ ಕಂಬದ ಮೇಲಣ ಬಟ್ಟೆಯ ಗಾಳಿಚೀಲ, ಅದಿಲ್ಲದಿದ್ದಲ್ಲಿ ಹಸಿ ಹುಲ್ಲನ್ನು ಸುಟ್ಟು ಎಬ್ಬಿಸಿದ ಹೊಗೆ. ಇಳಿಯಬೇಕಾದ ದಿಕ್ಕನ್ನು ಇಂಗ್ಲಿಷಿನ ‘ಟಿ’ ಅಕ್ಷರದ ಆಕಾರದಲ್ಲಿ ಹಾಸಿದ ಬಿಳಿಯ ಬಟ್ಟೆಯು ತೋರಿಸುತ್ತಿದ್ದಿತು. ಕತ್ತಲೆಯಲ್ಲಿ ಇಳಿಯಬೇಕಾದಾಗ ಸೀಮೆಎಣ್ಣೆಯ ದೀವಟಿಗೆಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು.

ಸರಬರಾಯಿ: ಪೆಟ್ರೋಲು ಡಬ್ಬಗಳಲ್ಲಿ ಬರುತ್ತಿದ್ದು, ರೈಲು ನಿಲ್ದಾಣದಿಂದ ಬಯಲಿಗೆ ಎತ್ತಿನ ಗಾಡಿಯಲ್ಲಿ ಸಾಗುತ್ತಿತ್ತು. ನೀರೂ ಕಸವೂ ಯಂತ್ರವನ್ನು ಸೇರದಂತೆ ಅದನ್ನು ಹದಮಾಡಿದ ಮೆದುತೊಗಲಿನಲ್ಲಿ ಸೋಸಿ ತುಂಬುವುದು ಕಡ್ಡಾಯ. ಇಡೀ ಯಂತ್ರವೇ ತಿರುಗುವ ನೋಮ್ ಮೊದಲಾದ ಆದಿಮ ಯಂತ್ರಗಳಿಗೆ ಹರಳೆಣ್ಣೆಯೇ ಕೀಲೆಣ್ಣೆ. ಅದು ಪೆಟ್ರೋಲಿನೊಡನೆ ಬೆರೆಯದೆಂಬುದು ಅದರ ವಿಶೇಷ ಗುಣ. ರಾತ್ರಿ ವಿಮಾನವನ್ನು ಗೂಟ ಹೊಡೆದು ಹಗ್ಗದಿಂದ ಬಿಗಿಯುತ್ತಿದ್ದರು. ರೆಕ್ಕೆಯ ಬಟ್ಟೆಯನ್ನು ದನಗಳು ನೆಕ್ಕಿ ಹರಿಯದಂತೆ ಕಾಯುವುದೂ ಅವಶ್ಯವಾಗಿತ್ತು.

ಕಾವಲು: ಜನಸಂದಣಿಯನ್ನು ಹಗ್ಗದ ಆವರಣದ ಹೊರಗೆ ನಿಲ್ಲಿಸುವುದು, ದನಕುರಿಗಳನ್ನು ಬಯಲಿನಿಂದ ಹೊಡೆದಟ್ಟುವುದು, ತಿರುಗುವ ಪಂಕದ ಬಳಿ ಯಾರೂ ಸುಳಿಯದಂತೆ ನೋಡುವುದು ಇದರ ಕೆಲಸ.

ಬಗೆಗಳು

ಬಳಕೆಯ ಉದ್ದೇಶವನ್ನೂ ಅವಧಿಯನ್ನೂ ಅನುಸರಿಸಿ ತಾತ್ಕಾಲಿಕ ವಿಮಾನಾಂಗಣಗಳನ್ನು ನಾಲ್ಕಾಗಿ ವಿಂಗಡಿಸಬಹುದು. ಒಂದು, ಪ್ರದರ್ಶನ ಬಯಲು: ಮೇಳ ಅಥವಾ ವಸ್ತುಪ್ರದರ್ಶನದ ಕೆಲವು ದಿನಗಳಿಗೆ ಸೀಮಿತವಾದದ್ದು, ಅಲಹಾಬಾದಿನದು ಈ ಬಗೆ. ಎರಡು, ಮಾರ್ಗದ ಇಳಿದಾಣ: ದೂರಪ್ರಯಾಣದ ನಡುವೆ ಇಂಧನಕ್ಕೂ ವಿಶ್ರಾಂತಿಗೂ ಗೊತ್ತುಪಡಿಸಿದ್ದು, ಮುಂದೆ ವಿವರಿಸಿರುವ ಬಳ್ಳಾರಿಯ ಇಳಿದಾಣವು ಈ ವರ್ಗಕ್ಕೆ ಸೇರುತ್ತದೆ. ಮೂರು, ಋತುಮಾನದ ವಿಮಾನಾಂಗಣ: ಒಣದಿನಗಳಲ್ಲಿ ಮಾತ್ರ ಬಳಕೆಗೆ ಬರುವುದು. ಮುಂಬಯಿಯ ಜುಹು ಬಯಲು ತಗ್ಗಾದ ಜೌಗುನೆಲವಾಗಿದ್ದು ಮಳೆಗಾಲದಲ್ಲಿ ನಿರುಪಯುಕ್ತವಾಗುತ್ತಿದ್ದುದರಿಂದ, ಟಾಟಾ ಸಂಸ್ಥೆಯ ಅಂಚೆ ವಿಮಾನಗಳು ಆ ತಿಂಗಳುಗಳಲ್ಲಿ ಪುಣೆಗೆ ಸ್ಥಳಾಂತರ ಹೊಂದುತ್ತಿದ್ದುವು. ನಾಲ್ಕು, ತುರ್ತು ಇಳಿದಾಣ: ಯಂತ್ರವು ಕೆಟ್ಟಾಗ ಅಥವಾ ಹವೆ ಮುಚ್ಚಿದಾಗ ಇಳಿಯಲು ಮಾರ್ಗದುದ್ದಕ್ಕೂ ಗುರುತಿಸಿಟ್ಟ ಬಯಲು. ಇವಲ್ಲದೆ ಜಲಾಶಯವನ್ನು ಇಳಿದಾಣವಾಗಿ ಬಳಸುವ ಪದ್ಧತಿಯೂ ಉಂಟು. ಎರಡನೆಯ ಮಹಾಯುದ್ಧದಲ್ಲಿ ದುರಸ್ತಿಗಾಗಿ ಬೆಂಗಳೂರಿನ ವಿಮಾನ ಕಾರ್ಖಾನೆಗೆ ಬಂದ ಕ್ಯಾಟಲೀನ ಜಲವಿಮಾನಗಳು ಬೆಳ್ಳಂದೂರು ಕೆರೆಯ ಮೇಲೆ ಇಳಿಯುತ್ತಿದ್ದುವು.

ಸಂಚಾರಿ ವೈಮಾನಿಕರು

ಭಾರತದಲ್ಲಿ ಸಂಚಾರಿ ವೈಮಾನಿಕವೃತ್ತಿಯು ಎರಡು ಘಟ್ಟಗಳಲ್ಲಿ ನಡೆಯಿತು. ಮೊದಲನೆಯದು 1910-11ರ ಪ್ರದರ್ಶನಕಾಲ. ಇದರಲ್ಲಿ ವಿಮಾನಗಳು ರೈಲಿನಲ್ಲಿ ಬಂದು ದೊಡ್ಡ ಊರುಗಳಲ್ಲಷ್ಟೇ ಹಾರಿದುವು. ಎರಡನೆಯದು 1927ರಲ್ಲಿ ಭಾರತ ಸರ್ಕಾರವು ನಾಗರಿಕ ವಿಮಾನಯಾನ ಇಲಾಖೆಯನ್ನು ಸ್ಥಾಪಿಸಿ, ತರುವಾಯ ಮುಂಬಯಿ, ದೆಹಲಿ, ಕಲ್ಕತ್ತ ಮೊದಲಾದ ಕಡೆಗಳಲ್ಲಿ ವಿಮಾನ ಸಂಘಗಳು ಹುಟ್ಟಿದ ಅನಂತರದ ಕಾಲ. ಇದರಲ್ಲಿ ವಿಮಾನಗಳು ಸ್ವಂತ ರೆಕ್ಕೆಯ ಮೇಲೆಯೇ ಊರಿಂದೂರಿಗೆ ಸಾಗಿದುವು. 1929ರ ಫೆಬ್ರುವರಿ 10ರಂದು ಜೆ. ಆರ್. ಡಿ. ಟಾಟಾ ಅವರು ಭಾರತದಲ್ಲಿ ನೀಡಲಾದ ಮೊದಲನೆಯ ವೈಮಾನಿಕ ಪರವಾನಗಿಯನ್ನು ಪಡೆದರು.

ಈ ಎರಡನೆಯ ಘಟ್ಟದ ಪ್ರಮುಖರು ನೆವಿಲ್ ವಿಂಟ್ಸೆಂಟ್ ಮತ್ತು ಜೆ. ಎಸ್. ನ್ಯೂವಲ್. ದಕ್ಷಿಣ ಆಫ್ರಿಕದಲ್ಲಿ ಜನಿಸಿ ಬ್ರಿಟಿಷ್ ರಾಜವಾಯುಪಡೆಯಲ್ಲಿ ಸೇವೆ ಸಲ್ಲಿಸಿದ್ದ ವಿಂಟ್ಸೆಂಟ್, ನ್ಯೂವಲನೊಡನೆ ಎರಡು ಡಿಎಚ್-9 ವಿಮಾನಗಳನ್ನು ತಂದು, 1928-29ರಲ್ಲಿ ಭಾರತದ ಅನೇಕ ಭಾಗಗಳಲ್ಲಿ ಸಂಚರಿಸಿ, ಹಣ ತೆತ್ತವರನ್ನು ವಿಹಾರಕ್ಕೆ ಏರಿಸಿದನು. ಯಾವ ಬಯಲು ಯಾವ ತಿಂಗಳಲ್ಲಿ ಯೋಗ್ಯ, ಯಾವ ಊರಿನಲ್ಲಿ ಪೆಟ್ರೋಲು ದೊರೆಯುವುದು, ಯಾವ ರೈಲುದಾರಿ ಎಲ್ಲಿಗೆ ಒಯ್ಯುವುದು ಎಂಬ ಪ್ರತ್ಯಕ್ಷಜ್ಞಾನವು ಇಂಥ ಸಂಚಾರದಿಂದ ಮಾತ್ರ ಲಭ್ಯವಾಗುತ್ತಿದ್ದಿತು. ವಿಂಟ್ಸೆಂಟನು ವಿಮಾನ ಅಂಚೆಯ ಯೋಜನೆಯೊಂದನ್ನು ಜೆ. ಆರ್. ಡಿ. ಟಾಟಾ ಅವರ ಮುಂದಿಟ್ಟನು. ಅದು 1932ರಲ್ಲಿ ಫಲಿಸಿತು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ವಿಮಾನಯಾನ ಮಾಡುತ್ತಿದ್ದಾಗಲೇ ಆತನು ಮೃತನಾದನು. 1928-29ರ ಸಂಚಾರದ ತರುವಾಯದ ದೊಡ್ಡ ಸಂಚಾರವು ಕ್ಯಾಪ್ಟನ್ ಸಿ. ಡಿ. ಬರ್ನಾರ್ಡನದು, ಕಾಬಮ್ಮನ ಮಾದರಿಯ ವೈಮಾನಿಕ ಮೇಳವೊಂದು ಆತನ ನೇತೃತ್ವದಲ್ಲಿ 1933-34ರ ಚಳಿಗಾಲದಲ್ಲಿ ಭಾರತದ ಊರುಗಳಲ್ಲಿ ಪ್ರದರ್ಶನಗಳನ್ನು ನೀಡಿತು.

ಸಂಚಾರಿ ವೈಮಾನಿಕನ ಆದಾಯಕ್ಕೆ ವಿಹಾರಾರೋಹಣದ ಶುಲ್ಕವೇ ಮುಖ್ಯ. ಇದಕ್ಕೆ ಪೂರಕವಾಗಿ ಪ್ರವೇಶದ ಹಣ, ರೆಕ್ಕೆಯ ಮೇಲೆ ಬರೆದ ಅಥವಾ ಮೇಲಿನಿಂದ ಎರಚಿದ ಜಾಹೀರಾತು, ವೈಮಾನಿಕ ಛಾಯಾಚಿತ್ರ, ಭೂಮಾಪನ, ಸಂಸ್ಥಾನಾಧಿಪತಿಗಳ ಆಮಂತ್ರಣ, ಇವು ಒದಗುತ್ತಿದ್ದುವು. ತಂಡದಲ್ಲಿ ವೈಮಾನಿಕನಲ್ಲದೆ ಯಂತ್ರಕರ್ಮಿಯೊಬ್ಬನೂ, ಮುಂಚಿತವಾಗಿ ಊರಿಗೆ ಹೋಗಿ ಬಯಲನ್ನು ಗೊತ್ತುಮಾಡಿ ಅಪ್ಪಣೆ ಪಡೆದು ಭಿತ್ತಿಪತ್ರ ಹಚ್ಚುವ ಮುಂಗಾಮಿಯೊಬ್ಬನೂ ಇರುತ್ತಿದ್ದುದು ಸಾಮಾನ್ಯ.

ಬಳ್ಳಾರಿಯ ಇಳಿದಾಣ

ಕರ್ನಾಟಕದಲ್ಲಿ ತಾತ್ಕಾಲಿಕ ಇಳಿದಾಣವೊಂದು ನಿಯತಕಾಲಿಕ ಸೇವೆಯ ಅಂಗವಾದ ಪ್ರಮುಖ ನಿದರ್ಶನ ಬಳ್ಳಾರಿಯದು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಪುಸ್ ಮಾತ್ ಎಂಬ ಏಕಪಕ್ಷ ವಿಮಾನದಲ್ಲಿ ಕರಾಚಿಯಿಂದ ಅಂಚೆಯನ್ನು ಹೊತ್ತು, ಅಹಮದಾಬಾದಿನಲ್ಲಿ ಇಂಧನ ತುಂಬಿಸಿಕೊಂಡು, ಮುಂಬಯಿಯ ಜುಹುವಿಗೆ ಬಂದರು. ಅಲ್ಲಿಂದ ವಿಂಟ್ಸೆಂಟನು ಅಂಚೆಯನ್ನು ಪಡೆದು ಬಳ್ಳಾರಿಗೆ ಹಾರಿ, ರಾತ್ರಿ ಅಲ್ಲಿಯೇ ತಂಗಿ, ಮರುದಿನ ಮದರಾಸನ್ನು ಸೇರಿದನು. ಮುಂಬಯಿಯಿಂದ ಸರಳರೇಖೆಯಲ್ಲಿ ಸುಮಾರು 600 ಕಿಲೋಮೀಟರು, ಮದರಾಸಿನಿಂದ ಸುಮಾರು 430 ಕಿಲೋಮೀಟರು ದೂರದಲ್ಲಿದ್ದು, ಕಡಮೆ ಮಳೆಯ, ಮರಗಳು ವಿರಳವಾದ ವಿಸ್ತಾರ ಬಯಲುಳ್ಳ ಬಳ್ಳಾರಿಯು ಈ ಮಾರ್ಗದ ನಡುನಿಲುಗಡೆಗೆ ಸಹಜವಾಗಿಯೇ ಒದಗಿತು. ಇಂಗ್ಲೆಂಡಿನಿಂದ ಕರಾಚಿಗೆ 1929ರಿಂದ ಬರುತ್ತಿದ್ದ ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯ ಅಂಚೆಯು ಈ ಸೇವೆಯಿಂದ ದಕ್ಷಿಣಾಪಥದ ಒಳನಾಡಿಗೆ ತಲುಪುವಂತಾಯಿತು. ಮುಂದೆ ಏರ್ ಇಂಡಿಯ ಎಂದು ಪ್ರಖ್ಯಾತವಾದ ಸಂಸ್ಥೆಯ ಮೂಲವು ಇದೇ.

ಉಪಯೋಗಗಳು

ತಾತ್ಕಾಲಿಕ ವಿಮಾನಾಂಗಣಗಳಿಂದ ಸಾಧಿತವಾದ ಪ್ರಯೋಜನಗಳಲ್ಲಿ ಅಂಚೆ ಸಾಗಣೆ, ಭೂಮಾಪನ ಹಾಗೂ ನಕ್ಷೆಯ ರಚನೆ, ರೋಗಿಗಳ ಮತ್ತು ಔಷಧಗಳ ಸಾಗಣೆ, ಕ್ಷಾಮ ಪ್ರವಾಹಗಳಲ್ಲಿ ನೆರವು, ಸೈನ್ಯದ ಸಂಚಾರ ಇವು ಮುಖ್ಯ. ವೈಮಾನಿಕ ಶಿಕ್ಷಣಕ್ಕೂ ಇವು ನೆರವಾದುವು: ತರಬೇತಿಯ ದೂರಯಾನಗಳಲ್ಲಿ ವಿದ್ಯಾರ್ಥಿಯು ಅಪರಿಚಿತ ಬಯಲನ್ನು ಮೇಲಿನಿಂದ ಪರೀಕ್ಷಿಸಿ ಇಳಿಯುವ ಅಭ್ಯಾಸವು ಪಾಠದ ಅಂಗವಾಗಿತ್ತು. ಶಾಶ್ವತ ನಿಲ್ದಾಣಗಳ ಸ್ಥಳನಿರ್ಣಯಕ್ಕೂ ಇಂಥ ಬಯಲುಗಳ ಅನುಭವವು ಆಧಾರವಾಯಿತು. ಜುಹು ಬಯಲು 1928ರಿಂದ ವಿಮಾನ ಸಂಘದ ನೆಲೆಯಾಗಿ, ಕ್ರಮೇಣ ಪೂರ್ಣ ನಿಲ್ದಾಣವಾಗಿ ಬೆಳೆಯಿತು.

ಅಪಾಯಗಳು

ಅಪಾಯದ ಮೂಲಗಳು ಮೂರು. ನೆಲದ ದೋಷದಿಂದ ಚಕ್ರದ ಕಾಲು ಮುರಿಯುವುದು, ವಿಮಾನವು ಮೂಗುಮುಂದಾಗಿ ಮಗುಚುವುದು ಮೊದಲನೆಯದು. ಹವೆಯ ವ್ಯತ್ಯಾಸ, ಅದರಲ್ಲಿಯೂ ಮಧ್ಯಾಹ್ನದ ಸುಂಟರಗಾಳಿ ಮತ್ತು ಬೇಸಗೆಯ ಗುಡುಗುಮಳೆ, ಎರಡನೆಯದು. ಪ್ರಾಣಿಪಕ್ಷಿಗಳ ಅಡ್ಡಿ ಮೂರನೆಯದು: 1919ರಲ್ಲಿ ಸ್ಮಿತ್ ಸಹೋದರರು ಕಲ್ಕತ್ತದ ಕುದುರೆಪಂದ್ಯದ ಬಯಲಿನಿಂದ ಏರುವಾಗ ಹದ್ದುಗಳು ವಿಮಾನಕ್ಕೆ ಬಡಿದುವು. ಇಳಿಯುವ ಮುನ್ನ ಬಯಲಿನ ಮೇಲೆ ತಗ್ಗಿನಲ್ಲಿ ಒಂದು ಸುತ್ತು ಹಾರಿ ಜನ, ದನ, ಹಕ್ಕಿಗಳನ್ನು ಚದುರಿಸುವ ಕ್ರಮವು ಇಂಥ ಅಡ್ಡಿಗಳಿಂದಾಗಿ ರೂಢಿಯಲ್ಲಿದ್ದಿತು.

ಕಾನೂನು

ಬ್ರಿಟಿಷ್ ಭಾರತದಲ್ಲಿ ವಿಮಾನಗಳ ನಿಯಂತ್ರಣಕ್ಕೆ ಮೊದಲ ಶಾಸನವು 1911ರ ಭಾರತೀಯ ವಾಯುನೌಕಾ ಅಧಿನಿಯಮ. 1919ರ ಪ್ಯಾರಿಸ್ ಒಪ್ಪಂದವು ವಿಮಾನಗಳ ನೋಂದಣಿ, ವೈಮಾನಿಕರ ಪರವಾನಗಿ, ನೆಲದ ಸಂಕೇತಗಳಿಗೆ ಅಂತಾರಾಷ್ಟ್ರೀಯ ನಿಯಮಗಳನ್ನು ವಿಧಿಸಿತು. 1934ರ ಭಾರತೀಯ ವಿಮಾನ ಅಧಿನಿಯಮವೂ, ಅದರ ಅಡಿಯಲ್ಲಿ ರೂಪಿತವಾದ 1937ರ ವಿಮಾನ ನಿಯಮಗಳೂ ವಿಮಾನಾಂಗಣಗಳಿಗೆ ಪರವಾನಗಿ, ವಿಮಾನಗಳಿಗೆ ಯೋಗ್ಯತಾಪತ್ರ, ಬಾಡಿಗೆಗೆ ಪ್ರಯಾಣಿಕರನ್ನು ಒಯ್ಯುವವರಿಗೆ ನಿಬಂಧನೆಗಳನ್ನು ಏರ್ಪಡಿಸಿದುವು. ಅಮೆರಿಕೆಯಲ್ಲಿ 1926ರ ವಾಯುವಾಣಿಜ್ಯ ಅಧಿನಿಯಮವು ಇದೇ ಕಾರ್ಯವನ್ನು ಮಾಡಿತು. ಸಂಚಾರಿ ವೈಮಾನಿಕವೃತ್ತಿಯು ಕ್ಷೀಣಿಸುವುದಕ್ಕೆ ಕಾರಣಗಳು ಮೂರು: ಈ ನಿಯಮಗಳು ವಿಧಿಸಿದ ವೆಚ್ಚ, ನಿಯತ ಸೇವೆಗಳ ಬೆಳವಣಿಗೆ, ವಿಮಾನಗಳ ತೂಕದ ಹೆಚ್ಚಳ.

ಯುದ್ಧಕಾಲ ಮತ್ತು ಕೋಲಾರದ ನೆಲೆ

ಎರಡನೆಯ ಮಹಾಯುದ್ಧವು ಹುಲ್ಲುಬಯಲಿನ ಯುಗವನ್ನು ದಕ್ಷಿಣ ಭಾರತದಲ್ಲಿ ಮುಗಿಸಿತು. 1940ರ ಡಿಸೆಂಬರ್ 23ರಂದು ವಾಲಚಂದ್ ಹೀರಾಚಂದರ ಉದ್ಯಮದಿಂದಲೂ ಮೈಸೂರು ಸರ್ಕಾರದ ಸಹಯೋಗದಿಂದಲೂ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿಯು ಸ್ಥಾಪಿತವಾಗಿ, ಅದಕ್ಕೆ ಹೊಂದಿದಂತೆ ಶಾಶ್ವತ ನಿಲ್ದಾಣವು ನಿರ್ಮಾಣವಾಯಿತು. 1942ರಲ್ಲಿ ಜಪಾನೀಯರು ಬರ್ಮವನ್ನು ಆಕ್ರಮಿಸಿದ ಅನಂತರ ಯಲಹಂಕ, ಬೆಳಗಾವಿಯ ಸಾಂಬ್ರಾ ಮೊದಲಾದ ಕಡೆಗಳಲ್ಲಿ ಸೈನಿಕ ವಿಮಾನ ನೆಲೆಗಳು ಎದ್ದುವು.

ಇವುಗಳ ಪೈಕಿ ಕೋಲಾರದ ನೆಲೆಯಲ್ಲಿ ಬ್ರಿಟಿಷ್ ರಾಜವಾಯುಪಡೆಯ 1673ನೆಯ ಭಾರೀ ವಿಮಾನ ಪರಿವರ್ತನ ಘಟಕವು ನೆಲಸಿ, ವೈಮಾನಿಕರಿಗೆ ಲಿಬರೇಟರ್ ಎಂಬ ನಾಲ್ಕು ಯಂತ್ರಗಳ ಬಾಂಬರ್ ವಿಮಾನದ ತರಬೇತಿಯನ್ನು ನೀಡುತ್ತಿದ್ದಿತು. ಈ ಘಟಕದಿಂದಲೇ 1944ರ ನವೆಂಬರ್ 8ರಂದು ಕೋಲಾರದಲ್ಲಿ 358ನೆಯ ಸ್ಕ್ವಾಡ್ರನ್ ರಚಿತವಾಯಿತು. 1945ರ ಆರಂಭದಲ್ಲಿ ಅದು ಬಂಗಾಳದ ದಿಗ್ರಿಗೆ ತೆರಳಿ, ಶತ್ರುಗಳ ವಶದಲ್ಲಿದ್ದ ಆಗ್ನೇಯ ಏಷ್ಯದ ಪ್ರದೇಶಗಳಲ್ಲಿ ಗೂಢಚಾರರನ್ನೂ ಸಾಮಗ್ರಿಯನ್ನೂ ಇಳಿಬಿಡುವ ವಿಶೇಷ ಕಾರ್ಯದಲ್ಲಿ ತೊಡಗಿತು. ಪುಸ್ ಮಾತ್ ವಿಮಾನದ ಪೂರ್ಣಭಾರವು ಒಂದು ಟನ್ನಿಗಿಂತ ಕಡಮೆಯಿದ್ದರೆ, ಲಿಬರೇಟರಿನದು 25 ಟನ್ನಿಗೂ ಮಿಗಿಲು. ಅಂಥ ಭಾರವನ್ನು ಗೋಮಾಳದ ನೆಲವು ತಾಳದಾದ್ದರಿಂದ ಗಟ್ಟಿಹಾಸಿನ ದೀರ್ಘ ಓಡುದಾರಿಯು ಅನಿವಾರ್ಯವಾಯಿತು.

ಯುದ್ಧರಂಗದ ಸಮೀಪದಲ್ಲಿ ಮಾತ್ರ ತಾತ್ಕಾಲಿಕ ವಿಮಾನಾಂಗಣವು ಹೊಸ ರೂಪವನ್ನು ಪಡೆಯಿತು. ಸುಮಾರು 3 ಮೀಟರು ಉದ್ದದ, ತೂತು ಕೊರೆದ ಉಕ್ಕಿನ ಹಲಗೆಗಳನ್ನು ಕೊಂಡಿಗಳಿಂದ ಜೋಡಿಸಿ ಹಾಸುವ ಪದ್ಧತಿಯೂ, ಬರ್ಮದ ರಣರಂಗದಲ್ಲಿ ಡಾಮರು ಲೇಪಿಸಿದ ಸೆಣಬಿನ ಬಟ್ಟೆಯನ್ನು ಮಟ್ಟಮಾಡಿದ ನೆಲದ ಮೇಲೆ ಹಾಸುವ ಪದ್ಧತಿಯೂ ರೂಢಿಗೆ ಬಂದುವು.

ಇಂದಿನ ಸ್ಥಿತಿ

ಸ್ವಾತಂತ್ರ್ಯಾನಂತರ ಮೈಸೂರು ರಾಜ್ಯದಲ್ಲಿ ವೈಮಾನಿಕ ಶಿಕ್ಷಣವು ಜಕ್ಕೂರಿನಲ್ಲಿ ಆರಂಭವಾದ ಸರ್ಕಾರಿ ಶಾಲೆಯಲ್ಲಿ ಕೇಂದ್ರೀಕೃತವಾಯಿತು. ಪ್ರಯಾಣಿಕ ಸೇವೆಯು ಶಾಶ್ವತ ನಿಲ್ದಾಣಗಳಿಗೆ ಸೀಮಿತವಾಯಿತು: ಮಂಗಳೂರಿನ ಬಜಪೆ ನಿಲ್ದಾಣ 1951ರಲ್ಲಿಯೂ, ದೇವನಹಳ್ಳಿಯ ನಿಲ್ದಾಣ 2008ರಲ್ಲಿಯೂ, ಕಲಬುರಗಿಯದು 2019ರಲ್ಲಿಯೂ, ಶಿವಮೊಗ್ಗದ್ದು 2023ರಲ್ಲಿಯೂ ತೆರೆದುವು. ಕೋಲಾರ ಜಿಲ್ಲೆಯ ಪ್ರಯಾಣಿಕರಿಗೆ ದೇವನಹಳ್ಳಿಯೇ ಸಮೀಪದ ನಿಲ್ದಾಣ.

ಹಳ್ಳಿಯ ಬಯಲಿನಲ್ಲಿ ವಿಮಾನವು ಇಳಿಯುವುದು ಇಂದು ವಿರಳ; ಆ ಸ್ಥಾನವನ್ನು ಹೆಲಿಕಾಪ್ಟರು ವಹಿಸಿಕೊಂಡಿದೆ. ಚುನಾವಣೆ, ಗಣ್ಯರ ಭೇಟಿ, ಪ್ರವಾಹ ಪರಿಹಾರಗಳ ಕಾಲದಲ್ಲಿ ಶಾಲೆ ಕಾಲೇಜುಗಳ ಆಟದ ಮೈದಾನಗಳಲ್ಲಿ ನೀರು ಚಿಮುಕಿಸಿ ಧೂಳಡಗಿಸಿ, ವೃತ್ತದ ನಡುವೆ ‘ಎಚ್’ ಅಕ್ಷರವನ್ನು ಬರೆದು ಸಿದ್ಧಪಡಿಸುವ ತಾತ್ಕಾಲಿಕ ಹೆಲಿಪ್ಯಾಡುಗಳಲ್ಲಿ, ಹಿಂದಣ ಇಳಿದಾಣದ ಗುರುತು ಮತ್ತು ಕಾವಲಿನ ಕ್ರಮಗಳು ಮುಂದುವರಿದಿವೆ. ತುರ್ತು ಇಳಿದಾಣದ ಕಲ್ಪನೆಯು ಹೆದ್ದಾರಿಗಳಿಗೆ ಅನ್ವಯವಾಗಿದೆ: 2015ರ ಮೇ 21ರಂದು ಯಮುನಾ ಎಕ್ಸ್‌ಪ್ರೆಸ್ ಹೆದ್ದಾರಿಯ ಮೇಲೆ ವಾಯುಪಡೆಯ ಮಿರಾಜ್ ವಿಮಾನವು ಪ್ರಾಯೋಗಿಕವಾಗಿ ಇಳಿಯಿತು, 2021ರಲ್ಲಿ ರಾಜಸ್ಥಾನದ ಬಾಡಮೇರ್ ಪ್ರದೇಶದ ರಾಷ್ಟ್ರೀಯ ಹೆದ್ದಾರಿಯ ಒಂದು ಭಾಗವು ಈ ಕಾರ್ಯಕ್ಕೆಂದೇ ಸಜ್ಜಾಯಿತು. ಜುಹು ನಿಲ್ದಾಣವು ಈಗ ಪ್ರಧಾನವಾಗಿ ಹೆಲಿಕಾಪ್ಟರುಗಳ ನೆಲೆ. ತೊಂಬತ್ತು ವರ್ಷ ಜಾರಿಯಲ್ಲಿದ್ದ 1934ರ ಅಧಿನಿಯಮದ ಸ್ಥಾನದಲ್ಲಿ ಭಾರತೀಯ ವಾಯುಯಾನ ಅಧಿನಿಯಮವು 2025ರ ಜನವರಿ 1ರಿಂದ ಜಾರಿಗೆ ಬಂದಿದೆ.